ಎಡಚಿಯ ರೈಫಲ್

ಲೈಸನ್ಸು ಬರಲು ಹದಿನಾಲ್ಕು ತಿಂಗಳು ಹಿಡಿಯಿತು.
ಪೊಲೀಸಪ್ಪ ಮನೆಗೆ ಬಂದು, ಚಹಾ ಕುಡಿದು,
ಬಾಜೂಮನೆಯವರನ್ನು ಕೇಳಿದ: ಈಕಿಗೆ ಸಿಟ್ಟು ಬರತದೇನು?
ಬರತದ, ಅಂದಳಂತೆ ಸುಮತಿಬಾಯಿ,
ನಳದಾಗ ನೀರು ಬಂದ ದಿನ ಅಷ್ಟ.

ಕ್ಯಾಂಪಿನ ಬಾವಡೇಕರ ಅಂಗಡಿಯಲ್ಲಿ
ಗಾಜಿನ ಹಿಂದೆ ಸಾಲಾಗಿ ನಿಂತಿದ್ದವು
ಹೆಣ್ಣು ನೋಡಲು ಬಂದ ಬೀಗರಂತೆ,
ಮೈಗೆ ಎಣ್ಣೆ, ಬಾಯಿಗೆ ಬಿಗಿ.
"ಇದು ನೋಡ್ರಿ, ಸೆಮಿ-ಆಟೊಮ್ಯಾಟಿಕ್. ಬೋಲ್ಟ್ ಎಳಿಯೂದ ಬ್ಯಾಡ.
ಒಮ್ಮೆ ಒತ್ತಿದರ ಒಂದು. ಮುಂದಿಂದು ತಾನ ಬಂದು ಕೂಡತದ."
ಪಾಯಿಂಟ್ ಟೂ ಟೂ. ಹಳೆಯದು.
ಯಾರೋ ಸಕ್ಕರೆ ಕಾರ್ಖಾನೆಯ ಸಾಹೇಬರು ತೀರಿಕೊಂಡ ಮೇಲೆ
ಮಕ್ಕಳು ತಂದು ಇಟ್ಟುಹೋದದ್ದು.
ಅಕ್ರೋಟು ಮರದ ಹಿಡಿಗೆ ಎಡಮಗ್ಗುಲಲ್ಲಿ ಮಾತ್ರ ಹೊಳಪು,
ನಲವತ್ತು ವರ್ಷ ಬಲಗೆನ್ನೆ ಒರಗಿದ ಹೊಳಪು.

ನಾನು ಎಡಚಿ.
ಎರಡನೆಯ ಇಯತ್ತೆಯಲ್ಲಿ ಮಾಸ್ತರರು
ಎಡಗೈಗೆ ಕರವಸ್ತ್ರ ಕಟ್ಟಿ ಬರೆಸಿದರು.
ಬಲಗೈ ಬರೆಯಲು ಕಲಿಯಿತು,
ಸುಳ್ಳು ಹೇಳಲು ಕಲಿತ ಹಾಗೆ.
ಆದರೂ ಉದ್ಯಮಬಾಗದ ಇನ್ಸ್‌ಪೆಕ್ಷನ್ ಟೇಬಲ್ಲಿನಲ್ಲಿ
ಮೈಕ್ರೋಮೀಟರ್ ತಿರುಗಿಸುವುದು ಎಡಗೈಯೇ.
ಕೂದಲಿನ ಹತ್ತನೆಯ ಪಾಲು ಹೆಚ್ಚಾದರೂ
ಮುಳ್ಳಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ.

"ಎಡಗೈಯವರಿಗೆ ಇದು ಬ್ಯಾಡ ಬಾಯಿ," ಅಂದರು ಕಾಕಾ,
"ಖಾಲಿ ಕಾಡತೂಸು ಬಲಕ್ಕ ಹಾರತದ, ನಿಮ್ಮ ಮಾರಿ ಮುಂದ."
ಬೇರೊಂದು ತೋರಿಸಿದರು. ಬೋಲ್ಟಿನದು, ಹೊಸದು, ದುಬಾರಿ.
ಎತ್ತಿದೆ. ಇಟ್ಟೆ.
ಮತ್ತೆ ಇದನ್ನೇ ಎತ್ತಿದೆ.
ಟ್ರಿಗರಿನಲ್ಲಿ ಮೊದಲು ತುಸು ಸಡಿಲ, ಆಮೇಲೊಂದು ಗೋಡೆ,
ಗೋಡೆಯ ಆಚೆ ಏನೂ ಇಲ್ಲ.
ತೂಕ ಮುಂಗೈಗೆ ಬೀಳದೆ ಎದೆಯ ಹತ್ತಿರ ಕುಳಿತಿತು
ನಿದ್ದೆ ಬಂದ ಕೂಸಿನ ಹಾಗೆ. ಛೆ, ಅಲ್ಲ,
ಬಂದೂಕನ್ನು ಕೂಸು ಅನ್ನಬಾರದು.
ತುಂಬಿದ ಕೊಡದ ಹಾಗೆ.
ಇದನ್ನ ಕೊಡ್ರಿ, ಅಂದೆ.

ಮೊದಲ ದಿನ ಮೂರನೆಯ ಸುತ್ತಿಗೇ
ಕಾಡತೂಸು ಕಾಲರಿನೊಳಗೆ ಇಳಿದು
ಕೊರಳ ಕೆಳಗೆ ಜೋಳದಷ್ಟು ಬೊಬ್ಬೆ.
ಕಾಕಾ ಹೇಳಿದ್ದು ದುರ್ಬೀನು, ಎರಡು ಕಾಲಿನ ಸ್ಟ್ಯಾಂಡು,
ಇನ್ನೊಂದು ಮ್ಯಾಗಝಿನ್ನು. ಒಲ್ಲೆ ಎಂದಿದ್ದೆ.
ನನಗೆ ಬೇಕಾದದ್ದು ಯಾರೂ ಮಾರುವುದಿಲ್ಲ.
ಎರಡನೆಯ ಪಾಳಿ ಮುಗಿದ ಮೇಲೆ ಮಿಲ್ಲಿಂಗಿನ ಗೌಸ್
ಸ್ಪ್ರಿಂಗ್ ಪತ್ರವೊಂದನ್ನು ಬಗ್ಗಿಸಿಕೊಟ್ಟ,
ಹೆಬ್ಬೆರಳ ಉಗುರಿನಷ್ಟು ಅಡ್ಡಗೋಡೆ.
ಈಗ ಕಾಡತೂಸು ಅದಕ್ಕೆ ಬಡಿದು ಮುಂದೆ ಹೋಗಿ ಬೀಳುತ್ತದೆ
ಬೈಸಿಕೊಂಡ ಹುಡುಗನಂತೆ.
ಬುಡಕ್ಕೆ ರಬ್ಬರಿನ ಎರಡು ಪದರ.
ಖಡೇಬಜಾರದ ಚರ್ಮದ ಪಟ್ಟಿಗೆ ಏಳನೆಯ ತೂತು ನಾನೇ ಕೊರೆದೆ.

ಅವ್ವ ಒಂದು ವಾರ ಮಾತಾಡಲಿಲ್ಲ.
ನೀರು ಸೋಸದೆ ಕುಡಿಯದವಳು,
ದೀಪಕ್ಕೆ ಹುಳ ಬಂದಾವೆಂದು ಹೊತ್ತು ಮುಳುಗಿದ ಮೇಲೆ ಉಣ್ಣದವಳು.
"ಅದರಿಂದ ಏನ ಸಾಯ್ತದ?"
ಕಾಗದ ಅವ್ವಾ, ಕಾಗದ ಅಷ್ಟ.
"ಕಾಗದದ ಮ್ಯಾಲ ಇರುವಿ ಇದ್ದರ?"
ಅಂದಿನಿಂದ ಗುರಿ ತೂಗುಹಾಕುವ ಮೊದಲು
ಉಫ್ ಎಂದು ಊದುತ್ತೇನೆ, ಎರಡೂ ಮಗ್ಗುಲು.
ರೇಂಜಿನವರು ಅದೇನೋ ಮಂತ್ರ ಎಂದುಕೊಂಡಿದ್ದಾರೆ.

ನಿನ್ನೆ ನಳಿಗೆ ಒರೆಸಲು ಅರಿವೆ ಹುಡುಕುತ್ತಿದ್ದೆ.
ಅವ್ವ ತಾನಾಗಿ ತಂದಳು, ಹಳೆಯ ಸೋಸುಬಟ್ಟೆ,
ಹನ್ನೆರಡು ವರ್ಷ ನೀರು ಹಾಯ್ದು ಮೆತ್ತಗಾದದ್ದು.
ಕತ್ತರಿ ಹಿಡಿದು ಚೌಕ ಚೌಕ ಕತ್ತರಿಸಿದಳು.
ಅಳತೆ ಕೇಳಲಿಲ್ಲ. ಸರಿ ಇತ್ತು.
ಮೊದಲ ತುಂಡು ಕಪ್ಪಾಗಿ ಹೊರಬಂತು.
ಅದನ್ನು ಕಿಡಕಿಯ ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದಳು,
ಜೀವ ಏನಾದರೂ ಸಿಕ್ಕಿದೆಯೇ ಎಂದು.